ಸ್ಟೂಲ್ ಮೇಡಂ ಮತ್ತು ಎಡಗೈ ಬಟನ್

ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದಾಗ ಮೂಗಿಗೆ ಬಡಿಯುವ ಘಾಟು ನಿಮಗೂ ಗೊತ್ತಿರಬಹುದು. ಮೊನ್ನೆ ವೈಟ್‌ಫೀಲ್ಡಿನ ಒಂದು ಹೋಟೆಲಿನ ಕೊರೆಯುವ ಎಸಿ ಹಾಲಿನಲ್ಲಿ ನಮ್ಮಂಥ ಫ್ಯಾಕ್ಟರಿ ಮಂದಿಯನ್ನು ಕೂರಿಸಿ, ಕೈಗೊಂದು ಮಾರ್ಕರ್, ಮುಂದೊಂದು ಬಣ್ಣದ ಚೀಟಿಗಳ ಕಟ್ಟು ಕೊಟ್ಟರು. ಡಿಸೈನ್ ಥಿಂಕಿಂಗ್ ತರಬೇತಿ. ಕಂಪನಿಯ ಮೇಲಿನವರ ಅಪ್ಪಣೆ, ಹೋಗದೆ ವಿಧಿಯಿರಲಿಲ್ಲ. ಪಾಠ ಮಾಡಲು ಬಂದಿದ್ದ ತರುಣ ಚುರುಕಾಗಿದ್ದ. ಬಳಸುವವರ ಕಷ್ಟವನ್ನು ಮೊದಲು ಅರಿಯಿರಿ, ನಿಜವಾದ ಸಮಸ್ಯೆ ಯಾವುದೆಂದು ಗುರುತಿಸಿ, ಆಮೇಲೆ ಉಪಾಯ ಹುಡುಕಿ, ಅಗ್ಗದಲ್ಲೊಂದು ಮಾದರಿ ಮಾಡಿ ಅವರ ಕೈಗೇ ಕೊಡಿ, ಸರಿಹೋಗದಿದ್ದರೆ ಮತ್ತೆ ಮೊದಲಿಂದ... ಎಂದು ಪರದೆಯ ಮೇಲೆ ಬಾಣದ ಗುರುತು ಎಳೆದು ತೋರಿಸಿದ. ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಆದರೆ ಆ ಘಾಟು ತಲೆಗೇರಿದ್ದೇ ನನ್ನ ಮನಸ್ಸು ಹಾಲಿನಿಂದ ಎದ್ದು ಪೀಣ್ಯದ ನನ್ನ ಹಳೆಯ ಫ್ಯಾಕ್ಟರಿ ಶೆಡ್ಡಿಗೆ ಹೋಗಿಬಿಟ್ಟಿತ್ತು.

ಅಲ್ಲಿ ನನಗೆ ಇದೇ ಪಾಠ ಕಲಿಸಿದ ಹೆಂಗಸೊಬ್ಬರಿದ್ದರು. ಅವರ ಹತ್ತಿರವೂ ಒಂದು ಮಾರ್ಕರ್ ಇರುತ್ತಿತ್ತು. ಅದರಿಂದ ಅವರು ರಟ್ಟಿನ ಮೇಲೆ ಗೆರೆ ಎಳೆಯುತ್ತಿದ್ದರೇ ಹೊರತು ಚೀಟಿ ಬರೆದದ್ದನ್ನು ನಾನು ನೋಡಲಿಲ್ಲ. ಐವತ್ತು ದಾಟಿದ ವಯಸ್ಸು, ಹಣೆಗೆ ತೆಳ್ಳಗೆ ವಿಭೂತಿ, ಧಾರವಾಡದ ಕಡೆಯ ಮಾತು, ಮೂಗಿನ ತುದಿಯಲ್ಲೇ ಕೋಪ. ವೈಟ್‌ಫೀಲ್ಡಿನ ದೊಡ್ಡ ಕಂಪನಿಯೊಂದರಲ್ಲಿ ಡಿಸೈನ್ ವಿಭಾಗ ನಡೆಸಿ, ಬೇಸತ್ತು ಬಿಟ್ಟವರಂತೆ. ನಮ್ಮ ಶೆಡ್ಡಿಗೆ ಬಂದರೆ ಮಷೀನಿಗೆ ಸಿಕ್ಕೀತೆಂದು ದುಪಟ್ಟಾ ತೆಗೆದು ಸೆಕ್ಯುರಿಟಿಯವನ ಕೈಗೆ ಕೊಟ್ಟು, ಒಂದು ಕಬ್ಬಿಣದ ಸ್ಟೂಲ್ ಎಳೆದುಕೊಂಡು ಯಾವುದಾದರೂ ಮಷೀನಿನ ಪಕ್ಕ ಕೂರುತ್ತಿದ್ದರು. ಕೂತರೆ ಏಳುತ್ತಿರಲಿಲ್ಲ. ಕೆಲಸಗಾರರು ಅವರಿಗೆ ಸ್ಟೂಲ್ ಮೇಡಂ ಎಂದು ಹೆಸರಿಟ್ಟರು. ಅದು ಅವರ ಕಿವಿಗೂ ಬಿದ್ದು, ಸಿಟ್ಟಾಗುವ ಬದಲು ಖುಷಿಪಟ್ಟರು.

ಅವರು ಬಂದ ಹೊತ್ತು ಮಾತ್ರ ಖುಷಿಯದಾಗಿರಲಿಲ್ಲ. ನಾನು ಆಗ ಆ ಸಣ್ಣ ಪ್ರೆಸ್ ಶಾಪಿನಲ್ಲಿ ಪ್ರೊಡಕ್ಷನ್ ನೋಡಿಕೊಳ್ಳುತ್ತಿದ್ದೆ. ತಗಡಿನ ಪಟ್ಟಿಯನ್ನು ಪ್ರೆಸ್ಸಿನ ಬಾಯಿಗೆ ಇಟ್ಟರೆ ಮೇಲಿಂದ ಡೈ ಎಂಬ ಉಕ್ಕಿನ ಅಚ್ಚು ಇಳಿದು ಕುಟ್ಟಿ, ಬೈಕಿಗೆ ಬೇಕಾದ ಬ್ರ್ಯಾಕೆಟ್ ಉದುರಿಸುತ್ತಿತ್ತು. ಆ ಬಾಯಿಗೆ ತಗಡು ಬೇರೆ, ಬೆರಳು ಬೇರೆ ಎಂಬ ಭೇದವಿಲ್ಲ. ಆ ವರ್ಷ ನಮ್ಮ ಆಪರೇಟರೊಬ್ಬ ಎರಡು ಬೆರಳು ಕಳೆದುಕೊಂಡ. ಆಸ್ಪತ್ರೆಗೆ ಅವನನ್ನು ಕಾರಿನಲ್ಲಿ ಕರೆದೊಯ್ದವನು ನಾನು. ದಾರಿಯುದ್ದಕ್ಕೂ ಅವನು ಅಳಲಿಲ್ಲ. ತಪ್ಪು ನಂದೇ ಸಾರ್, ತಪ್ಪು ನಂದೇ ಸಾರ್ ಎನ್ನುತ್ತಲೇ ಇದ್ದ. ಅದನ್ನು ನೆನೆದರೆ ನನಗೆ ಈಗಲೂ ಅನ್ನ ಸೇರುವುದಿಲ್ಲ.

ಬ್ರ್ಯಾಕೆಟ್ ಕೊಳ್ಳುವ ಕಂಪನಿಯವರು ಇನ್ನೊಂದು ಇಂಥದ್ದಾದರೆ ಆರ್ಡರ್ ನಿಲ್ಲಿಸುತ್ತೇವೆ ಎಂದರು. ನಮ್ಮದೆಲ್ಲ ಅವರೊಬ್ಬರನ್ನೇ ನಂಬಿದ ಬದುಕು. ಯಜಮಾನರು ಹೆದರಿ ಪ್ರತಿ ಪ್ರೆಸ್ಸಿಗೂ ಎರಡೆರಡು ಬಟನ್ ಹಾಕಿಸಿದರು. ಒಂದು ಬಲಕ್ಕೆ, ಒಂದು ಎಡಕ್ಕೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಡೈ ಇಳಿಯಬೇಕು. ಎರಡು ಕೈಯೂ ಬಟನ್ ಮೇಲಿದ್ದ ಮೇಲೆ ಬಾಯೊಳಗೆ ಇಡಲು ಮೂರನೆಯ ಕೈ ಯಾರಿಗಿದೆ? ನಾವೆಲ್ಲ ನಿಟ್ಟುಸಿರು ಬಿಟ್ಟೆವು.

ಕೆಲವೇ ದಿನಗಳಲ್ಲಿ ಒಂದು ಬೆಣೆ ನನ್ನ ಕಣ್ಣಿಗೆ ಬಿತ್ತು. ರಂಗಸ್ವಾಮಿ ಎಂಬ ನಮ್ಮ ಇನ್ನೊಬ್ಬ ಆಪರೇಟರು, ತುಮಕೂರು ಕಡೆಯವನು, ಕೈ ಬಹಳ ಚುರುಕು. ಪೊರಕೆಯ ಹಿಡಿಯಿಂದ ಸೀಳಿದ ಮರದ ಚೂರೊಂದನ್ನು ಎಡಗೈ ಬಟನ್ನಿನ ಸಂದಿಗೆ ಬಡಿದಿದ್ದ. ಬಟನ್ ಒತ್ತಿದ ಹಾಗೇ ಕೂತಿತ್ತು. ಅವನ ಎಡಗೈ ಹಾಯಾಗಿ ಡೈ ಪಕ್ಕದಲ್ಲೇ ಓಡಾಡುತ್ತಿತ್ತು. ಕಿರುಚಿದರೆ ಬೆಚ್ಚಿಬಿದ್ದಾನು ಎಂದು ಹೆದರಿ, ಮೆಲ್ಲಗೆ ಹಿಂದಿನಿಂದ ಹೋಗಿ ಮೇನ್ ಸ್ವಿಚ್ ಆರಿಸಿದೆ. ಆಮೇಲೆ ಬಾಯಿಗೆ ಬಂದಂತೆ ಬೈದೆ. ಯಜಮಾನರಿಗೆ ಸುದ್ದಿ ಮುಟ್ಟಿತು. ಮುಂದಿನ ಸೋಮವಾರ ಕಂಪನಿಯ ಆಡಿಟರ್ ಬರುವವರಿದ್ದರು.

"ಬೆಣೆ ಇನ್ನೊಂದ್ಸಲ ಕಂಡ್ರೆ ಅವನು ಮನೆಗೆ, ಅಷ್ಟೆ" ಎಂದರು ಯಜಮಾನರು. ಮನೆಯೆಂದರೆ ಲಗ್ಗೆರೆಯ ಒಂದು ಬಾಡಿಗೆ ಕೋಣೆ. ಹೆಂಡತಿ ತುಂಬು ಬಸುರಿ ಎಂದು ಶೆಡ್ಡಿಗೆಲ್ಲ ಗೊತ್ತಿತ್ತು.

ಯಜಮಾನರು ಕೈ ಅಡ್ಡ ಬಂದರೆ ಮಷೀನೇ ನಿಲ್ಲುವಂಥ ಬೆಳಕಿನ ಸೆನ್ಸರ್ ಕೊಳ್ಳಲು ಹೊರಟಿದ್ದರು. ಯಾರೋ ಪರಿಚಯದವರು, ಅದಕ್ಕೂ ಮೊದಲು ಇವರನ್ನೊಮ್ಮೆ ಕೇಳಿ ಎಂದು ಮೇಡಂ ಅವರನ್ನು ಕಳಿಸಿಕೊಟ್ಟರು. ಮೇಡಂ ಬಂದವರೇ ಸೆನ್ಸರಿನ ಕಾಗದ ಪಕ್ಕಕ್ಕೆ ಸರಿಸಿದರು.

"ಅವನ ಕೈ ಅಲ್ಲಿಗ್ಯಾಕ ಹೊಕ್ಕತಿ ಅಂತ ನಿಮಗ ಗೊತ್ತೇನ್ರಿ? ಗೊತ್ತಾಗೂಮಟ ಏನೂ ಕೊಳ್ಳಬ್ಯಾಡ್ರಿ. ಬಟನ್ನಿಗೆ ಬೆಣೆ ಹೊಡದಾವ, ಸೆನ್ಸರಿಗೆ ಬಟ್ಟಿ ಹೊಚ್ಚತಾನ."

ಗೊತ್ತಿಲ್ಲದೆ ಏನು, ಬೇಗ ಮುಗಿಸುವ ಚಟ ಎಂದೆ ನಾನು. ಅವರು ನನ್ನನ್ನು ಒಮ್ಮೆ ನೋಡಿದರು. ಆ ನೋಟಕ್ಕೆ ಪ್ರೊಡಕ್ಷನ್ ನೋಡಿಕೊಳ್ಳುವವನು ಎಂಬ ನನ್ನ ಜಂಭ ಅರ್ಧ ಇಳಿಯಿತು. ಪೂರ್ತಿ ಇಳಿಯಲಿಲ್ಲ. ಈಯಮ್ಮ ಆಡಿಟಿನ ಹೊತ್ತಲ್ಲಿ ನಮ್ಮ ತಲೆ ತಿನ್ನಲು ಬಂದಿದ್ದಾರೆ ಎಂದೇ ಒಳಗೊಳಗೆ ಕುದಿಯುತ್ತಿದ್ದೆ.

ರಂಗಸ್ವಾಮಿಯನ್ನು ಒಮ್ಮೆ ಕೇಳಿದರು. ಬೆಣೆ ಯಾಕೆ ಹಾಕಿದೆ ಎಂದು. "ತಪ್ಪಾಯ್ತು ಮೇಡಂ, ಇನ್ಮ್ಯಾಕೆ ಅಂಗೆ ಮಾಡಾಕಿಲ್ಲ" ಎಂದು ತಲೆ ತಗ್ಗಿಸಿದ. ಅಲ್ಲಿಗೆ ಕೇಳುವುದನ್ನು ಬಿಟ್ಟರು. ಅವನು ಸುಳ್ಳು ಹೇಳುತ್ತಿಲ್ಲ, ಅವನಿಗೂ ಕಾರಣ ಗೊತ್ತಿಲ್ಲ, ಕೈಗೆ ಗೊತ್ತಿದೆ ಎಂದು ನನಗೆ ಆಮೇಲೆ ಹೇಳಿದರು. ಮೋಟರ್ ಆರಿಸಿ, ಪ್ರೆಸ್ಸಿನ ದೊಡ್ಡ ಗಾಲಿ ಪೂರ್ತಿ ನಿಂತ ಮೇಲೆ, ಯಾರೂ ಇಲ್ಲದಿದ್ದಾಗ ಹೇಗೆ ಮಾಡುತ್ತೀಯೋ ಹಾಗೆ ತಗಡು ಇಟ್ಟು ಮಾಡಿ ತೋರಿಸು ಎಂದು ಅವನಿಗೆ ಹೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅವನು ಶಾಲೆಯ ಮಕ್ಕಳ ಹಾಗೆ ಎರಡು ಕೈಯನ್ನೂ ಬಟನ್ ಮೇಲಿಟ್ಟು ಕೂತ.

"ನೀವಿಲ್ಲಿ ನಿಂದರಬ್ಯಾಡ್ರಿ. ನೀವಿದ್ರ ಅವ ನಿಮ್ಮ ಸಲುವಾಗಿ ಕೆಲಸ ಮಾಡ್ತಾನ" ಎಂದು ನನ್ನನ್ನು ಹೊರಗೆ ಕಳಿಸಿದರು. ನನ್ನ ಶೆಡ್ಡಿನಿಂದ ನನ್ನನ್ನೇ! ಆಫೀಸಿನ ಗಾಜಿನ ಹಿಂದೆ ನಿಂತು ನೋಡಿದೆ. ಪ್ರೆಸ್ ನಿಂತಿತ್ತು, ಮಾಲು ನಿಂತಿತ್ತು, ಯಜಮಾನರು ಗಡಿಯಾರ ನೋಡುತ್ತಿದ್ದರು, ಆ ಹೆಂಗಸು ಕದಲದೆ ಒಬ್ಬನ ಎಡಗೈಯನ್ನೇ ನೋಡುತ್ತಾ ಕೂತಿದ್ದರು.

ಊಟದ ಹೊತ್ತಿಗೆ ನನ್ನನ್ನು ಕರೆದು ತಮ್ಮ ಸ್ಟೂಲಿನಿಂದ ಎದ್ದು, ಅದನ್ನು ಪ್ರೆಸ್ ಮುಂದಕ್ಕೆ ಸರಿಸಿ, ಈಗ ನೀವು ಕೂಡ್ರಿ ಎಂದರು. ಕೂತೆ. ಸ್ಟೂಲಿನ ಒಂದು ಕಾಲು ಸರಿಯಿಲ್ಲದೆ ವಾಲಾಡುತ್ತಿತ್ತು. ಎಣ್ಣೆ ಮೆತ್ತಿದ ತಗಡಿನ ಪಟ್ಟಿಯನ್ನು ಬಾಯಿಗೆ ಇಟ್ಟು, ಕೈ ಬಿಟ್ಟು, ಎರಡೂ ಬಟನ್ ಒತ್ತಲು ಹೋದೆ. ಸುರುಳಿಯಿಂದ ಬಿಚ್ಚಿದ ತಗಡಲ್ಲವೇ, ಅದಕ್ಕೊಂದು ಬಾಗು ಇತ್ತು. ಕೈ ಬಿಟ್ಟ ಕೂಡಲೇ ತುಸು ಎದ್ದು, ತುಸು ಜಾರಿತು. ಕೂದಲೆಳೆಯಷ್ಟು. ಅಷ್ಟು ಜಾರಿದರೆ ತೂತು ಆಚೀಚೆಯಾಗುತ್ತದೆ, ಪೀಸ್ ರಿಜೆಕ್ಟ್, ಆಪರೇಟರಿಗೆ ಬೈಗುಳ, ಆ ಬೈಗುಳ ನನ್ನದೇ. ನಾನು ಏನನ್ನೂ ಯೋಚಿಸಲಿಲ್ಲ. ನೋಡುತ್ತಿದ್ದ ಹಾಗೇ ನನ್ನ ಎಡಗೈ ಬಟನ್ ಬಿಟ್ಟು, ತಾನೇ ತಾನಾಗಿ ಹೋಗಿ, ಡೈ ಕೆಳಗೆ ತಗಡನ್ನು ಒತ್ತಿ ಹಿಡಿದಿತ್ತು.

ಮೋಟರ್ ಆರಿತ್ತು ನಿಜ. ಆದರೂ ಮೈಯೆಲ್ಲ ಬೆವೆತೆ. ಕೈ ಹಿಂದಕ್ಕೆಳೆದುಕೊಂಡು ಬೆರಳುಗಳನ್ನು ನೋಡಿಕೊಂಡೆ. 

ಸಮಸ್ಯೆ ಬಟನ್ನಿನದಲ್ಲ, ಅಂಕೆಯಿಲ್ಲದ ಕೆಲಸಗಾರನದೂ ಅಲ್ಲ. ತಗಡು ಹಿಡಿಯಲು ಅಲ್ಲಿ ಒಂದು ಕೈ ಬೇಕಿತ್ತು, ನಾವು ಆ ಕೈಯನ್ನು ಕಿತ್ತುಕೊಂಡಿದ್ದೆವು. ಹೇಳಿದರೆ ಇಷ್ಟೇ. ಇದನ್ನು ಕಾಣಲು ನಮಗೆ ಹೊರಗಿನವರೊಬ್ಬರು ಬಂದು ಕೂರಬೇಕಾಯಿತು.

ಆಮೇಲಿನ ದಿನಗಳು ನನಗೆ ಸರಿಯಾಗಿ ಸಾಲಾಗಿ ನೆನಪಿಲ್ಲ... ರಟ್ಟು, ಅಂಟು, ಕತ್ತರಿ, ಬಟ್ಟೆ ಒಣಹಾಕುವ ಕ್ಲಿಪ್ಪಿನ ಸ್ಪ್ರಿಂಗು, ಮೋಟರ್ ಆರಿಸುವುದು, ಹಚ್ಚುವುದು. ತಗಡನ್ನು ಒತ್ತಿ ಹಿಡಿಯುವ ಒಂದು ಹಿಡಿಕೆಯನ್ನು ಮೇಡಂ ಮೊದಲು ರಟ್ಟಿನಲ್ಲೇ ಮಾಡಿದರು. ರಂಗಸ್ವಾಮಿ ನೋಡಿ "ಚೆನ್ನಾಗೈತೆ ಮೇಡಂ" ಎಂದ. ಮಾರನೆಯ ಬೆಳಿಗ್ಗೆ ಅದು ಮಷೀನಿನ ಕೆಳಗೆ ಬಿದ್ದಿತ್ತು. ಮನೆಗೆ ಬಂದವರು ತಂದ ತಿಂಡಿ ರುಚಿಯಿಲ್ಲ ಎಂದು ನಮ್ಮಲ್ಲಿ ಯಾರು ಹೇಳುತ್ತಾರೆ? ಮೇಡಂಗೆ ಇದು ಗೊತ್ತಿತ್ತು. ಅವನ ಹೊಗಳಿಕೆಗೆ ಸೊಪ್ಪು ಹಾಕದೆ, ಬಿದ್ದ ರಟ್ಟನ್ನು ಎತ್ತಿ ತಿರುಗಿಸಿ ನೋಡಿದರು. ಮೊಣಕೈ ತಗುಲಿ ಒಂದು ಮೂಲೆ ಮಡಿಚಿಕೊಂಡಿತ್ತು. ಆ ಮೂಲೆ ಕತ್ತರಿಸಿ ಇನ್ನೊಂದು ಮಾಡಿದರು. ಅದೂ ಬಿತ್ತು. ಯಜಮಾನರ ತಾಳ್ಮೆ ಮುಗಿಯುತ್ತಾ ಬಂದಿತ್ತು.

"ಆಡಿಟ್ ತಲೆ ಮೇಲಿದೆ, ನೀವು ಮಕ್ಕಳಾಟ ಆಡ್ತಾ ಕೂತಿದೀರಲ್ಲ ಮೇಡಂ" ಎಂದು ಎಲ್ಲರೆದುರೇ ರೇಗಿದರು.

"ರಟ್ಟಿನ್ಯಾಗ ಎಷ್ಟು ಸರ್ತಿ ತಪ್ಪಿದರೂ ರಟ್ಟ ಹೋಗ್ತದ್ರಿ. ಸ್ಟೀಲಿನ್ಯಾಗ ತಪ್ಪಿದರ?" ಎಂದು ಮೇಡಂ ಅಷ್ಟೇ ಜೋರಾಗಿ ಕೇಳಿದರು. ನನಗೆ ಆಗ ಅವರ ಮೇಲೆ ಮೊದಲ ಸಲ ಪ್ರೀತಿ ಬಂತು.

ಮೂರನೆಯದೋ ನಾಲ್ಕನೆಯದೋ, ಸ್ಪ್ರಿಂಗು ಎಡದಿಂದ ಹಿಂಬದಿಗೆ ಹೋದ ಮೇಲೆ, ರಂಗಸ್ವಾಮಿ ಚೆನ್ನಾಗೈತೆ ಎನ್ನಲಿಲ್ಲ. "ಇದು ವಸಿ ಬಿಗಿ ಐತೆ, ಸಡ್ಲ ಮಾಡ್ತೀರಾ?" ಎಂದ. ಮೇಡಂ ಮುಖ ಅರಳಿತು. ಬೇಕಾದ್ದಕ್ಕೆ ಮಾತ್ರ ಜನ ತಪ್ಪು ಹುಡುಕುತ್ತಾರೆ ಎಂದರು. ಸಡಿಲ ಮಾಡಿ ನೋಡಿ, ಟೂಲ್ ರೂಮಿನಲ್ಲಿ ಅದನ್ನೇ ಸ್ಟೀಲಿನಲ್ಲಿ ಮಾಡಿಸಿದೆವು.

ಸೋಮವಾರ ಆಡಿಟರ್ ಬಂದರು, ರಂಗಸ್ವಾಮಿಯ ಬೆನ್ನ ಹಿಂದೆ ನಿಂತರು, ನೋಡಿದರು, ಸಹಿ ಹಾಕಿದರು. ಯಜಮಾನರು ಕಾಫಿ ತರಿಸಿದರು. ನಾನು ಮೇಡಂ ಕೈ ಕುಲುಕಲು ಹೋದರೆ ಅವರು ಕೈಯನ್ನೇ ಕೊಡಲಿಲ್ಲ.

"ಆಡಿಟರ್ ಮುಂದ ಯಾರ್ರೀ ಬೆಣೆ ಹೊಡೀತಾರ? ನಾಳೆ ನಾಡಿದ್ದು ನೋಡ್ರಿ."

ಆ ಎರಡು ದಿನ ನನಗೆ ಆಡಿಟ್ಟಿಗಿಂತ ಕಷ್ಟವಾಯಿತು. ನಿಂತ ಮಾಲನ್ನೆಲ್ಲ ತುಂಬಿಕೊಡಬೇಕಿತ್ತು, ಶೆಡ್ಡಿನಲ್ಲಿ ಉಸಿರು ಬಿಡಲು ಪುರಸೊತ್ತಿಲ್ಲ. ಬೆಣೆ ಹೊಡೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಬೇಕೇ? ಕಂಡರೆ ಅವನ ಕೆಲಸ ಹೋಗುತ್ತದೆ, ಕಾಣದಿದ್ದರೆ ಕೈ ಹೋಗುತ್ತದೆ. ನಾನು ಗಾಜಿನ ಹಿಂದಿನಿಂದ ಕದಲಲಿಲ್ಲ. ಬುಧವಾರ ಮಧ್ಯಾಹ್ನ ಮೇಡಂ ಯಾರಿಗೂ ಹೇಳದೆ ಬಂದು ನನ್ನ ಪಕ್ಕ ನಿಂತರು. ರಂಗಸ್ವಾಮಿ ತಗಡು ಹಾಕಿದ. ಎಡಗೈ ಹಳೆಯ ಅಭ್ಯಾಸಕ್ಕೆ ಮೇಲೆದ್ದಿತು. ತಗಡು ಜಾರದೆ ಕೂತಿತ್ತು, ಹಿಡಿಯಲು ಏನೂ ಉಳಿದಿರಲಿಲ್ಲ. ಕೈ ಗಾಳಿಯಲ್ಲೇ ತಡೆದು, ತಿರುಗಿ, ಬಟನ್ ಮೇಲೆ ಹೋಗಿ ಕೂತಿತು. ಸ್ವಲ್ಪ ಹೊತ್ತಿಗೆ ಅವನು ಜೇಬಿಗೆ ಕೈ ಹಾಕಿ ಹಳೆಯ ಬೆಣೆಯನ್ನು ತೆಗೆದ. ನಾನು ಬಾಗಿಲ ಕಡೆ ಓಡುವವನಿದ್ದೆ, ಮೇಡಂ ತೋಳು ಹಿಡಿದು ನಿಲ್ಲಿಸಿದರು. ಅವನು ಪ್ರೆಸ್ ಆರಿಸಿ, ಬಗ್ಗಿ, ಪಕ್ಕದಲ್ಲಿದ್ದ ಮೇಡಂ ಸ್ಟೂಲಿನ ವಾಲಾಡುವ ಕಾಲಿಗೆ ಆ ಬೆಣೆ ಕೊಟ್ಟು, ಅಲುಗಾಡಿಸಿ ನೋಡಿ, ಮತ್ತೆ ಕೆಲಸಕ್ಕೆ ಕೂತ. ಮೇಡಂ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ರಿಜೆಕ್ಟ್ ಕಡಿಮೆಯಾಯಿತು, ಮಾಲು ಮೊದಲಿಗಿಂತ ಬೇಗ ಹೋಯಿತು, ಅದೇ ಕಂಪನಿ ಇನ್ನೊಂದು ಕೆಲಸವನ್ನೂ ಕೊಟ್ಟಿತು. ಸೆನ್ಸರ್ ಕೊಂಡಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಮಕ್ಕಳಾಟ ಎಂದಿದ್ದ ಯಜಮಾನರೇ ಆಮೇಲೆ ಬಂದವರಿಗೆಲ್ಲ ಡಿಸೈನ್ ಥಿಂಕಿಂಗ್, ಡಿಸೈನ್ ಥಿಂಕಿಂಗ್ ಎಂದು ಭಾಷಣ ಬಿಗಿಯತೊಡಗಿದರು. ಅದು ಲಾಭದ ಮಾತೂ ಹೌದು, ಇಲ್ಲವೆನ್ನುವುದಿಲ್ಲ. ಮೇಡಂ ಮಾತ್ರ ಆ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ. ನೋಡ್ರಿ, ಕೂಡ್ರಿ, ಇನ್ನೊಂದ್ ಸರ್ತಿ ಮಾಡ್ರಿ... ಇಷ್ಟೇ ಅವರ ಮಂತ್ರ.

ಅವರು ಕಾಯಿಲೆ ಬಿದ್ದದ್ದು ನನಗೆ ತಡವಾಗಿ ತಿಳಿಯಿತು. ಹೋದ ವರ್ಷ ಸುದ್ದಿ ಬಂದಾಗ ನಾನು, ರಂಗಸ್ವಾಮಿ ಇಬ್ಬರೂ ವೈಟ್‌ಫೀಲ್ಡಿನ ಅವರ ಫ್ಲ್ಯಾಟಿಗೆ ಹೋದೆವು. ಅವರ ಕಡೆಯ ಪದ್ಧತಿಯಂತೆ ದೇಹವನ್ನು ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಹೂವು. ರಂಗಸ್ವಾಮಿ ಬಾಗಿಲಲ್ಲೇ ನಿಂತುಬಿಟ್ಟ. "ಕೂತೇ ಅವ್ರಲ್ಲ ಸಾರ್" ಎಂದ, ಮೆಲ್ಲಗೆ. ದುಃಖ ಆ ಮಾತಿಗೇ ಒತ್ತರಿಸಿ ಬಂತು.

ತರಬೇತಿಯ ಮಾರನೆಯ ಬೆಳಿಗ್ಗೆ ಯಾಕೋ ತಡೆಯಲಾರದೆ ಅವನಿಗೆ ಫೋನ್ ಮಾಡಿದೆ. ಆ ಶೆಡ್ಡು ಬಿಟ್ಟು ನಾನು ಬೇರೆ ಕಡೆ ಸೇರಿದ್ದರೂ ಅವನು ಅಲ್ಲೇ ಇದ್ದಾನೆ. ಹೆಂಡತಿ ಗಾರ್ಮೆಂಟ್ಸ್ ಕೆಲಸಕ್ಕೆ ಬೇಗ ಹೊರಡುತ್ತಾಳಂತೆ, ಮಗಳನ್ನು ಶಾಲೆಗೆ ಅಣಿ ಮಾಡುವುದು ಇವನ ಪಾಲು. ಫೋನನ್ನು ಎಲ್ಲೋ ಕೆಳಗಿಟ್ಟುಕೊಂಡೇ ಮಾತಾಡಿದ, ದನಿ ದೂರದಿಂದ ಕೇಳುತ್ತಿತ್ತು.

"ಒಂದ್ನಿಮ್ಸ ಸಾರ್, ಮಗೀಗೆ ಎರಡು ಜಡೆ ಹಾಕ್ತಾ ಇವ್ನಿ. ಕೈ ಬಿಟ್ರೆ ಬಿಚ್ಕೋತದೆ."

ಆಗಲಪ್ಪ, ಮುಗಿಸು ಎಂದೆ. ಅಪ್ಪಾ ಬಿಗಿ, ಅಪ್ಪಾ ನೋವು ಎಂದು ಮಗು ಗೊಣಗುತ್ತಿತ್ತು. ನಾನು ಫೋನ್ ಹಿಡಿದು ಕಾದೆ. ಅವನು ಒಂದು ಜಡೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕುವಷ್ಟು ಹೊತ್ತೂ, ಆ ಎಡಗೈ ಈಗ ಮಗಳ ಜಡೆ ಹಿಡಿದಿದೆ ಎಂದು ಹೇಳಬೇಕಾದವರು ಒಬ್ಬರಿದ್ದರು, ಅವರಿಗೆ ಹೇಳಲಾಗಲಿಲ್ಲವಲ್ಲ ಎಂದು ಅನ್ನಿಸುತ್ತಲೇ ಇತ್ತು.