ಮುನ್ನುಡಿ ಓದಿದ ಮಧ್ಯಾಹ್ನ

ಹತ್ತು ವರ್ಷ ಗುಲಬರ್ಗಾದ ಕಾನ್ವೆಂಟಿನಲ್ಲಿ ಓದಿದ ನನಗೆ ಬಹುಮಾನ ಅಂತ ಬಂದದ್ದು ಒಂದೇ ಪುಸ್ತಕ. ನೂರು ವರ್ಷಕ್ಕೂ ಹಳೆಯ ಇಂಗ್ಲಿಷ್ ಕಾದಂಬರಿ. ಬರೆದವಳು ಒಬ್ಬ ಹೆಂಗಸು. ಓದಿದವರ ಎದೆ ನಡುಗಿಸುವ ಕಥೆ ಅಂತ ಅದಕ್ಕೆ ದೊಡ್ಡ ಹೆಸರು. ಕೈಗಿಡುವಾಗ ನಮ್ಮ ಸಿಸ್ಟರ್, ಮೊದಲು ಕಥೆ ಓದು, ಮುನ್ನುಡಿಯನ್ನು ದೊಡ್ಡವಳಾದ ಮೇಲೆ ಓದಿಕೋ ಎಂದಿದ್ದರು. ಸಿಸ್ಟರ್ ಮಾತು ಮೀರುವ ಹುಡುಗಿ ನಾನಾಗಿರಲಿಲ್ಲ. ಕಥೆಯನ್ನು ನಾಲ್ಕು ಸಲ ಓದಿದೆ. ಮುನ್ನುಡಿಯ ಹಾಳೆಗಳು ಅಚ್ಚಿನ ಮನೆಯಲ್ಲಿ ಅಂಚು ಕತ್ತರಿಸದೆ ಬಿಟ್ಟಂತೆಯೇ, ಒಂದಕ್ಕೊಂದು ಕೂಡಿಕೊಂಡೇ ಉಳಿದವು.

ಕಥೆಯಲ್ಲಿ ಒಂದು ದೊಡ್ಡ ಕಲ್ಲಿನ ಮನೆ, ಅಲ್ಲಿ ಬೆಳೆಯುವ ಒಬ್ಬ ಹುಡುಗಿ. ಮೇಲಂತಸ್ತಿನ ಒಂದು ಕೋಣೆಗೆ ಯಾವಾಗಲೂ ಬೀಗ. ಆದರೂ ಒಳಗಿನಿಂದ ತೊಟ್ಟಿಲು ತೂಗುವ ಸದ್ದು ಹುಡುಗಿಗೆ ಕೇಳುತ್ತದೆ. ಸೊಂಟಕ್ಕೆ ಕೀಲಿಗೊಂಚಲು ಸಿಕ್ಕಿಸಿಕೊಂಡ ಮನೆವಾಳ್ತೆಯ ಹೆಂಗಸು ಮಾತ್ರ, ಒಳಗೆ ಯಾರೂ ಇಲ್ಲ, ನಿನ್ನ ಕಿವಿಯೇ ಸರಿಯಿಲ್ಲ ಎನ್ನುತ್ತಾಳೆ. ಹಾಸ್ಟೆಲಿನಲ್ಲಿ ನಾವು ಗೆಳತಿಯರು ಒಂದೇ ಕಂಬಳಿಯಲ್ಲಿ ಮುದುಡಿಕೊಂಡು ಅದನ್ನು ಓದಿ ಹೆದರುವ ಸುಖ ಪಡುತ್ತಿದ್ದೆವು. ಇಂಥದ್ದೆಲ್ಲ ಹೊಳೆದ ತಲೆ ಎಷ್ಟು ವಿಚಿತ್ರವಾಗಿದ್ದೀತು ಎಂದು ಬೆರಗಾಗುತ್ತಿದ್ದೆವು.

ನನ್ನ ಮದುವೆ ಹುಮನಾಬಾದಿಗೆ ಆಯಿತು. ರಾಜ್ಯ ಒಂದಾಗಿ ಹನ್ನೆರಡು-ಹದಿಮೂರು ವರ್ಷವಾಗಿದ್ದರೂ ನಮ್ಮ ಮಾವನವರು ಇನ್ನೂ ನಿಜಾಮನ ಕಾಲದ ಲೆಕ್ಕದಲ್ಲೇ ಮಾತಾಡುತ್ತಿದ್ದರು. ಮದುವೆಯ ಮರುವರ್ಷ ನಾನು ಬಸುರಾದೆ. ಏಳನೇ ತಿಂಗಳ ಕುಬಸಕ್ಕೆ ನಮ್ಮವ್ವ ಬಸವಕಲ್ಯಾಣದಿಂದ ಹಸಿರು ಸೀರೆ, ಹಸಿರು ಬಳೆ, ಐದು ಬಗೆಯ ಸಿಹಿ ಹೊತ್ತು ಬಂದಳು. ಕುಬಸ ಮುಗಿದ ಮೇಲೆ ಮಗಳನ್ನು ತವರಿಗೆ ಕರೆದೊಯ್ಯುವುದು ಪದ್ಧತಿ. ನಾನು ಪೆಟ್ಟಿಗೆ ಕಟ್ಟಿ, ತಲೆ ಹೆಣೆದುಕೊಂಡು, ಹೊರಡುವ ಹುರುಪಿನಲ್ಲಿ ಕೂತಿದ್ದೆ. ಆಗ ಅವ್ವ ನಮ್ಮ ಅತ್ತೆಯ ಮುಂದೆ, ಹೆರಿಗೆ ಇಲ್ಲೇ ಆಗಲಿ, ಇಲ್ಲಿ ಲೇಡಿ ಡಾಕ್ಟರು ಇದ್ದಾರೆ ಎಂದಳು.

ಅತ್ತೆಯ ಕೈಯಲ್ಲಿದ್ದ ಅರಿಶಿನದ ಬಟ್ಟಲು ಹಾಗೇ ನಿಂತಿತು.

"ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕ್ರಿ ಬೀಗತಿಯವ್ರ," ಎಂದರು ಅತ್ತೆ. "ಇಲ್ಲಾ ಕಲ್ಯಾಣದಾಗ ಜ್ವಾಳ ಕಡಿಮಿ ಬಿದ್ದಾವೇನು?"

ಕೂತ ಮುತ್ತೈದೆಯರು ಸೆರಗಿನಲ್ಲಿ ನಕ್ಕರು. ಅವ್ವನೂ ನಕ್ಕಳು, ಆದರೆ ಮಾತು ಬದಲಿಸಲಿಲ್ಲ. ಸಂಜೆಯ ಬಸ್ಸಿಗೆ ಒಬ್ಬಳೇ ಹೋದಳು. ನಾನು ಕಟ್ಟಿದ ಪೆಟ್ಟಿಗೆಯನ್ನು ಬಿಚ್ಚಲಿಲ್ಲ. ಯಾವ ಊರಲ್ಲಿ ತಾಯಿ ಹೀಗೆ ಮಾಡುತ್ತಾಳೆ? ನಾನು ಮಾಡಿದ ತಪ್ಪೇನು? ಎಂಟು ದಿನ ಅದೇ ಯೋಚನೆ. ಅನ್ನ ಒಳಗೆ ಹೋಗಲಿಲ್ಲ. ನಮ್ಮ ಮನೆಯವರಿಗೆ ನೋಡಲಾಗದೆ, ಹೋಗಿ ಕೇಳಿಯೇ ಬಿಡು ಎಂದು ತಾವೇ ಬಸ್ಸಿನಲ್ಲಿ ಕಲ್ಯಾಣಕ್ಕೆ ಬಿಟ್ಟುಬಂದರು.

ಅವ್ವ ಬಾಗಿಲಲ್ಲಿ ನನ್ನನ್ನು ಕಂಡು ಬಿಳಿಚಿಕೊಂಡಳು. ಅಪ್ಪ ಬೇರೆ ಊರಿಗೆ ಹೋಗಿದ್ದರು. ಒಳಗೆ ಕರೆದಳು, ಕಾಲಿಗೆ ನೀರು ಕೊಟ್ಟಳು, ಉಣ್ಣಲು ಬಡಿಸಿದಳು. ಎಷ್ಟು ದಿನ ಇರುತ್ತೀಯ ಎಂದು ಕೇಳಿದಳು. ಆ ಪ್ರಶ್ನೆ ನನಗೆ ಮುಳ್ಳಿನಂತೆ ಚುಚ್ಚಿತು. ಗೂಡಿನಲ್ಲಿದ್ದ ನನ್ನ ಹಳೆಯ ಪುಸ್ತಕ ತೆಗೆದುಕೊಂಡು ಪಡಸಾಲೆಯಲ್ಲಿ ಕೂತೆ. ಕಥೆ ಬಾಯಿಪಾಠವಾಗಿತ್ತು. ಈಗ ದೊಡ್ಡವಳಾಗಿದ್ದೇನಲ್ಲ ಎಂದುಕೊಂಡು ತಲೆಯ ಪಿನ್ನಿನಿಂದ ಮುನ್ನುಡಿಯ ಹಾಳೆಗಳ ಅಂಚು ಸೀಳಿದೆ.

ಬರೆದವನು ಯಾವನೋ ಪಂಡಿತ. ಕಾದಂಬರಿಗಿಂತ ಅವನ ಮಾತೇ ನನ್ನ ಮೈ ನಡುಗಿಸಿತು. ಆ ಲೇಖಕಿಯ ತಾಯಿ ಇವಳನ್ನು ಹೆತ್ತ ಕೆಲವೇ ದಿನಗಳಲ್ಲಿ ಬಾಣಂತಿ ಜ್ವರದಿಂದ ತೀರಿಕೊಂಡಳಂತೆ. ಆ ಕಾಲದಲ್ಲಿ ವೈದ್ಯರು ಒಬ್ಬಳ ಹೆರಿಗೆ ಮುಗಿಸಿ ಕೈ ತೊಳೆಯದೆ ಇನ್ನೊಬ್ಬಳ ಬಳಿ ಹೋಗುತ್ತಿದ್ದರಂತೆ. ಜ್ವರ ಕೈಯಿಂದ ಕೈಗೆ, ಮನೆಯಿಂದ ಮನೆಗೆ ದಾಟುತ್ತಿತ್ತು. ದಿನ ತುಂಬುತ್ತಿದ್ದಂತೆ ಅಲ್ಲಿಯ ಬಸುರಿಯರು ಹುಟ್ಟುವ ಮಗುವಿಗೆ ಒಂದು ಕಾಗದ ಬರೆದಿಡುತ್ತಿದ್ದರಂತೆ, ಉಳಿಯದಿದ್ದರೆ ಇರಲಿ ಎಂದು. ಇವಳ ತಂದೆ ಮನೆಯಲ್ಲಿ ಸತ್ತವಳ ಮಾತು ಎತ್ತಲು ಬಿಡಲಿಲ್ಲ. ಮತ್ತೆ ಮದುವೆಯಾದ. ಮಗಳು ಬೆಳೆದ ಮೇಲೆ ನಿಜವನ್ನು ಬೇರೆಯವರ ಬಾಯಿಂದ ತಿಳಿದಳು. ಆಮೇಲೆ ತನ್ನ ಇಬ್ಬರು ಹಸುಗೂಸುಗಳನ್ನು ಮಣ್ಣುಮಾಡಿದಳು. ಆಮೇಲೆ ಈ ಕಾದಂಬರಿ ಬರೆದಳು. ತೊಟ್ಟಿಲ ಸದ್ದಿನ ಕೋಣೆ ದೆವ್ವದ ಕೋಣೆಯಲ್ಲ, ಅದು ಆ ಕಾಲದ ಪ್ರತಿ ಮನೆಯಲ್ಲೂ ಇದ್ದ ಬಾಣಂತಿ ಕೋಣೆ ಎಂದಿದ್ದ ಪಂಡಿತ.

ನಾಲ್ಕು ಸಲ ಹೆದರುವ ಸುಖಕ್ಕೆ ಓದಿದ್ದೆನಲ್ಲ, ಅದು ನೆನಪಾಗಿ ನನಗೆ ನಾಚಿಕೆಯಾಯಿತು. ಹೊಟ್ಟೆಯಲ್ಲಿ ಕೂಸು ಹೊರಳಿತು.

ಅವ್ವ ಎದುರಿಗೆ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮೋರೆ ಯಾಕೆ ಹೀಗಾಯಿತು, ಅದರಲ್ಲೇನಿದೆ ಎಂದು ಕೇಳಿದಳು. ಅವಳಿಗೆ ಓದಲು ಬಾರದು. ಆದರೆ ಕಥೆ ಕೇಳುವುದೆಂದರೆ ಜೀವ. ಮನದ ಮುನಿಸು ಮರೆತು ನಾನು ಎಲ್ಲವನ್ನೂ ಹೇಳಿದೆ. ಜ್ವರ, ಕೈ, ಕಾಗದ, ಬಾಯಿ ಮುಚ್ಚಿಸಿದ ತಂದೆ. ಹೇಳುತ್ತಾ ಹೋದಂತೆ ಮೊರದ ಸದ್ದು ನಿಂತದ್ದು ನನ್ನ ಗಮನಕ್ಕೆ ಬಂತು. ಅವ್ವ ಎಡಗೈಯಿಂದ ಕೊರಳಿನ ಬೆಳ್ಳಿ ತಗಡನ್ನು ಹಿಡಿದುಕೊಂಡಿದ್ದಳು.

ಆ ತಗಡಿನ ವಿಷಯ ಹೇಳಬೇಕು. ಹೆಬ್ಬೆರಳ ಉಗುರಿನಷ್ಟು ದೊಡ್ಡದು, ಮೇಲೆ ಒಬ್ಬ ಹೆಂಗಸಿನ ಒರಟು ಆಕಾರ. ತಾಳಿಯ ಜೊತೆ ಯಾವಾಗಲೂ ಅವ್ವನ ಕೊರಳಲ್ಲಿ ಇರುತ್ತಿತ್ತು. ಹೊಸ ಸೀರೆ ಬಂದರೆ ಮೊದಲು ಅದಕ್ಕೆ ಮುಟ್ಟಿಸಿ, ಕುಂಕುಮ ಹಚ್ಚಿ, ಆಮೇಲೆ ಅವ್ವ ಉಡುತ್ತಿದ್ದಳು. ನಮ್ಮ ಮನೆದೇವಿ ಎಂದು ನಾನು ತಿಳಿದಿದ್ದೆ. ಪರೀಕ್ಷೆಗೆ ಹೋಗುವಾಗ ಅವ್ವನ ಕೊರಳಿಗೆ ಹಣೆ ಮುಟ್ಟಿಸಿ ಹೋಗುತ್ತಿದ್ದೆ.

"ಇದು ದೇವಿ ಅಲ್ಲ ಮಗಾ," ಎಂದಳು ಅವ್ವ. "ಇಕಿ ನನ್ನ ಸವತಿ. ನಿನ್ನ ಹಡದಾಕಿ."

ನನಗೆ ಅರ್ಥವಾಗಲಿಲ್ಲ. ಕಥೆಯ ಗುಂಗಿನಲ್ಲಿ ಏನೋ ಅನ್ನುತ್ತಿದ್ದಾಳೆ ಎಂದುಕೊಂಡೆ. ಅವಳು ಬೇಳೆಯ ಮೊರವನ್ನು ಬದಿಗೆ ಸರಿಸಿ, ನನ್ನ ಮುಖ ನೋಡದೆ, ನೆಲದ ಒಂದು ಕಲ್ಲನ್ನೇ ನೋಡುತ್ತಾ ಹೇಳಿದಳು. ರಜಾಕಾರರ ಗದ್ದಲದ ವರ್ಷ ನಾನು ಹುಟ್ಟಿದೆ. ಊರಿನಲ್ಲಿ ಸಂಜೆಯಾದರೆ ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ. ಪಕ್ಕದ ಓಣಿಯಲ್ಲಿ ಒಬ್ಬಳಿಗೆ ಹೆರಿಗೆ ಮಾಡಿಸಿದ ಸೂಲಗಿತ್ತಿ ಬಾಗಿಲು ಮುಚ್ಚುವ ಮೊದಲೇ ತಲುಪಬೇಕೆಂದು ಓಡಿ, ನೇರ ನಮ್ಮ ಮನೆಗೆ ಬಂದಳು. ಮೂರನೇ ದಿನಕ್ಕೆ ನನ್ನ ಹಡೆದವಳಿಗೆ ಜ್ವರ. ಆ ಓಣಿಯವಳಿಗೂ ಜ್ವರ. ಬೀದರಿಗೆ ಹೋಗಲು ಬಸ್ಸಿಲ್ಲ, ಸೊಲ್ಲಾಪುರದ ದಾರಿ ಬಂದ್. ಅಪ್ಪ ಎರಡು ದಿನ ಬಂಡಿ ಹೂಡಿಕೊಂಡು ನಿಂತಿದ್ದರಂತೆ, ಓಣಿಯ ಹಿರಿಯರು ಹೊರಡಲು ಬಿಡಲಿಲ್ಲವಂತೆ. ಒಂಬತ್ತನೇ ದಿನ ನನ್ನ ಹಡೆದವಳು ಹೋದಳು.

ಅಂದರೆ ನನಗಾಗಿ ಬಂದ ಕೈಗಳಿಂದಲೇ. ಸಮುದ್ರದಾಚೆ ನೂರು ವರ್ಷದ ಹಿಂದೆ ನಡೆದದ್ದೆಂದು ಈಗಷ್ಟೇ ಓದಿದ್ದು, ನಮ್ಮ ಮನೆಯಲ್ಲಿ, ನನ್ನ ಹುಟ್ಟಿನಲ್ಲಿ. ಅವ್ವನ ಬಲ ಪಾದದ ಕಾಲುಂಗುರ ಸವೆದು ದಾರದಷ್ಟಾಗಿದ್ದನ್ನು ನೋಡುತ್ತಾ ಕೂತದ್ದಷ್ಟೇ ನೆನಪು.

ಆಕೆಯ ಚಿತ್ರವಿದೆಯೇ ಎಂದು ಕೇಳಿದೆ. ಇಲ್ಲವಂತೆ. ಎರಡನೇ ಹೆಂಡತಿಯಾಗಿ ಬಂದವಳು ಸತ್ತ ಮೊದಲಿನವಳ ಹೆಸರಲ್ಲಿ ಕೊರಳಿಗೆ ಕಟ್ಟಿಕೊಳ್ಳುವ ಈ ತಗಡೊಂದೇ.

"ನನ್ನ ತವರು ನಿರ್ಣಾದಿಂದ ನಾ ಬಂದಾಗ ನನಗ ಹದಿನಾರು," ಎಂದಳು ಅವ್ವ. "ತಾಳಿ ಕಟ್ಟಿದ್ರು, ಬೆನ್ನಿಗೇ ಇದನ್ನ ಕಟ್ಟಿದ್ರು. ಅಕ್ಷತಿ ಝಾಡಿಸಿಕೊಳ್ಳೂದರಾಗ ನಿನ್ನ ತಂದು ಉಡ್ಯಾಗ ಹಾಕಿದ್ರು. ಹುಡುಗಿ ಮುಂದ ಯಾರೂ ಬಾಯಿ ಬಿಡಬ್ಯಾಡ್ರಿ ಅಂದ್ರು ನಿಮ್ಮಪ್ಪ. ನಾನೂ ಬಿಡಲಿಲ್ಲ."

ಆಮೇಲೆ ಅವಳು ಒಳಗಿನ ಕಾಳಿನ ಕೋಣೆಯ ಕಡೆ ತೋರಿಸಿದಳು. ಜೋಳದ ಚೀಲ ಒಟ್ಟುವ ಆ ಕೋಣೆಯೇ ಬಾಣಂತಿ ಕೋಣೆಯಾಗಿತ್ತು. ಅಂದಿನಿಂದ ಅಲ್ಲಿ ಯಾರೂ ಮಲಗಿಲ್ಲ. ನನ್ನನ್ನು ಅಲ್ಲಿ ಮಲಗಿಸುವ ಮಾತು ಬರುತ್ತದೆಂದು ಕುಬಸದ ದಿನ ಹಾಗೆ ಮಾಡಿದ್ದಳು. ಬೀಗತಿ ಏನೆಂದುಕೊಂಡರೂ ಸರಿ, ಮಗಳು ಮುನಿದರೂ ಸರಿ, ಈ ಮನೆಯಲ್ಲಿ ಬೇಡ ಎಂದು. ಎಂಟು ದಿನ ನಾನು ಅವಳ ಮೇಲೆ ಏನೆಲ್ಲ ಹೊರಿಸಿದ್ದೆ!

ಅವಳು ಕೇಳಿದ್ದು ಇಷ್ಟೇ: "ಆ ಪುಸ್ತಕದಾಕಿ ತನ್ನ ಮಲತಾಯಿನ್ನ ಏನಂತ ಬರದಾಳ?"

ಸುಳ್ಳು ಹೇಳಬಹುದಿತ್ತು. ಕೀಲಿಗೊಂಚಲಿನ ಹೆಂಗಸೇ ಆ ಮಲತಾಯಿ ಎಂದು ಪಂಡಿತ ಬರೆದಿದ್ದ. ಹಾಗೆಯೇ, ಲೇಖಕಿಗೆ ಸಿಡುಬಾದಾಗ ಹಗಲೂ ರಾತ್ರಿ ಪಕ್ಕದಲ್ಲಿ ಕೂತವಳೂ ಅವಳೇ ಎಂದು ಹಳೆಯ ಕಾಗದಗಳಿಂದ ತೋರಿಸಿದ್ದ. ಎರಡನ್ನೂ ಹೇಳಿದೆ.

ಅವ್ವ ಮೊರವನ್ನು ಮತ್ತೆ ಎಳೆದುಕೊಂಡಳು. "ಕೀಲಿ ಆಕಿ ಕಡೀನ ಇದ್ದುವಲ್ಲ," ಎಂದಳು. "ಖರೇನ ಬರದಾಳ ಬಿಡು."

ಸಿಟ್ಟು ಬಂದದ್ದು ಮರುದಿನ, ಅದೂ ಅವ್ವನ ಮೇಲಲ್ಲ. ಕರೆದೊಯ್ಯಲು ಬಂದ ನಮ್ಮ ಮನೆಯವರನ್ನು ಬಸ್ಸಿನಲ್ಲೇ ಕೇಳಿದೆ, ನಿಮಗೂ ಗೊತ್ತಿತ್ತೇ ಎಂದು. ಅವರು ಗಾಬರಿಯಿಂದ ನನ್ನನ್ನೇ ನೋಡಿದರು. "ನಿನಗ ಗೊತ್ತಿಲ್ಲಂತ ನಮಗ ಹ್ಯಾಂಗ ಗೊತ್ತಾಗಬೇಕು?" ಎಂದರು. ಮದುವೆಯ ಮಾತುಕತೆಯಲ್ಲೇ ಅಪ್ಪ ಎಲ್ಲವನ್ನೂ ಹೇಳಿದ್ದರಂತೆ. ನಮ್ಮತ್ತೆಗೆ ಗೊತ್ತು. ಬಳೆಗಾರ್ತಿಗೆ ಗೊತ್ತು. ಕುಬಸದ ದಿನ ಸೆರಗಿನಲ್ಲಿ ನಕ್ಕವರಿಗೂ ಗೊತ್ತು. ಮಲತಾಯಿ ಅಲ್ಲವೇ, ಬಾಣಂತನದ ಕಷ್ಟ ತಪ್ಪಿಸಿಕೊಂಡಳು ಎಂದು ನಕ್ಕಿದ್ದರು. ನಾನು ನಡುಮನೆಯಲ್ಲಿ ಕೂತು ಕೇಳಿದ್ದ ಆ ನಗೆಯ ಅರ್ಥ ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ತಿಳಿಯಿತು.

ದಿನ ತುಂಬುವ ಹೊತ್ತಿಗೆ ಅವ್ವ ತಾನೇ ಹುಮನಾಬಾದಿಗೆ ಬಂದಳು. ಬೀಗರ ಮನೆಯಲ್ಲಿ ಹೆಣ್ಣಿನ ತಾಯಿ ಹೀಗೆ ಬಂದು ಠಿಕಾಣಿ ಹೂಡುವುದು ಎಲ್ಲಿಯೂ ಇಲ್ಲ. ಅತ್ತೆ ಎರಡು ದಿನ ಬಿಗಿದುಕೊಂಡೇ ಇದ್ದರು. ದವಾಖಾನೆಯಲ್ಲಿ ಲೇಡಿ ಡಾಕ್ಟರು ನನ್ನ ಕಡೆ ಬರುತ್ತಿದ್ದಂತೆ ಅವ್ವ ಅಡ್ಡ ನಿಂತು, ಕೈ ತೊಳೆದುಕೊಂಡು ಬರಬೇಕು ಎಂದಳಂತೆ. ತೊಳೆದಿದ್ದೇನೆ ಎಂದರು ಡಾಕ್ಟರು. ನಾನು ನೋಡಲಿಲ್ಲ, ನನ್ನ ಮುಂದೆ ತೊಳೆಯಿರಿ ಎಂದಳಂತೆ. ಆ ಪುಣ್ಯಾತ್ಮರು ಬೇಸರಿಸದೆ ಮತ್ತೆ ಸಾಬೂನು ಹಚ್ಚಿದರು. ಅತ್ತೆ ನಾಚಿಕೆಯಿಂದ ಗೋಡೆಗೆ ಮುಖ ಮಾಡಿ ನಿಂತಿದ್ದರಂತೆ.

ಹೆಣ್ಣು ಮಗು. ಮನೆಗೆ ಬಂದ ಮೇಲೆ ಅವ್ವ ನನ್ನ ಹಣೆಗೆ ಅಂಗೈಯ ಹಿಂಬದಿ ಇಟ್ಟು ನೋಡುತ್ತಲೇ ಇದ್ದಳು, ಏಳುವಾಗ, ಉಣ್ಣುವಾಗ, ಕೂಸಿಗೆ ಹಾಲು ಕುಡಿಸುವಾಗ. ಮೂರನೇ ದಿನ ಎದೆಹಾಲು ಕಟ್ಟಿ ಮೈ ಸ್ವಲ್ಪ ಬಿಸಿಯಾಯಿತು. ಅವ್ವನ ತುಟಿ ನೀಲಿಗಟ್ಟಿದ್ದನ್ನು ನಾನು ನೋಡಿದೆ. ಡಾಕ್ಟರು ಬಂದು ಇದು ಆ ಜ್ವರವಲ್ಲ ಎಂದರೂ ಅವಳು ನಂಬಲಿಲ್ಲ. ಒಂಬತ್ತನೇ ದಿನವಂತೂ ಇಡೀ ಹೊತ್ತು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು.

ಹತ್ತನೇ ದಿನ ಮುಂಜಾನೆ ಅವ್ವ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲನ್ನು ಗಂಟು ಕಟ್ಟಿ, ಅಡುಗೆಮನೆಗೆ ಹೋಗಿ ಅತ್ತೆಯ ಮುಂದೆ ನಿಂತಳು. ಮಗಳನ್ನೂ ಕೂಸನ್ನೂ ಕಲ್ಯಾಣಕ್ಕೆ ಕರೆದುಕೊಂಡು ಹೋಗುತ್ತೇನೆ, ಐದು ತಿಂಗಳ ಬಾಣಂತನ ನನ್ನದು ಎಂದಳು.

"ಈಗ ನೆನಪಾತೇನ್ರಿ ತವರಮನಿ?" ಎಂದರು ಅತ್ತೆ, ಒಲೆಯ ಕಡೆ ನೋಡುತ್ತಾ.

"ಹೌದ್ರಿ," ಎಂದಳು ಅವ್ವ. "ಈಗ ನೆನಪಾತು."