ಒಬ್ಬ ಸಹೋದರಿಗಾಗಿ

ನಮ್ಮ ಚರ್ಚಿನ ವಾರ್ಡಿನ ಪ್ರಾರ್ಥನೆಯಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ. ಆಲ್ದೂರು ಪೇಟೆಯ ಮತ್ತು ಹತ್ತಿರದ ಎಸ್ಟೇಟುಗಳ ಕ್ರೈಸ್ತ ಕುಟುಂಬಗಳು ಶುಕ್ರವಾರ ಸಂಜೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಜಪಸರ ಹೇಳುತ್ತೇವೆ. ಅದು ಮುಗಿದ ಮೇಲೆ ಕೋರಿಕೆಗಳು. ಒಬ್ಬರು ಕೋರಿಕೆಯನ್ನು ಗಟ್ಟಿಯಾಗಿ ಹೇಳಬೇಕು, ಉಳಿದವರು 'ಪ್ರಭುವೇ, ನಮ್ಮ ಮೊರೆಯನ್ನು ಆಲಿಸು' ಎನ್ನಬೇಕು. ಕುಡುಕನಿದ್ದರೆ 'ಒಬ್ಬ ಸಹೋದರನಿಗಾಗಿ' ಎನ್ನುತ್ತಾರೆ. ಅವನು ಅಲ್ಲೇ ಗೋಡೆಗೆ ಒರಗಿ ಕೂತಿರುತ್ತಾನೆ. ಯಾರೂ ಅವನ ಕಡೆ ನೋಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ನಾನು ಚಿಕ್ಕಮಗಳೂರಿನ ಒಂದು ಪತ್ರಿಕೆಯಲ್ಲಿ ವರದಿ ತಿದ್ದುವವನು. ಹೆಸರೊಂದನ್ನು ಬಿಟ್ಟು ಮಿಕ್ಕೆಲ್ಲ ಗುರುತು ಕೊಟ್ಟ ವರದಿ ಬಂದರೆ ವಾಪಸು ಕಳಿಸುತ್ತೇನೆ. ವಾರ್ಡಿನಲ್ಲಿ ಹಾಗೆ ವಾಪಸು ಕಳಿಸುವವರು ಯಾರೂ ಇರಲಿಲ್ಲ.

ಕೋರಿಕೆ ಹೇಳುತ್ತಿದ್ದವರು ಎಸ್ಟೇಟೊಂದರ ನಿವೃತ್ತ ರೈಟರ್. ಆಳುಗಳ ಹಾಜರಿ ಬರೆದ ಅಭ್ಯಾಸವಿರಬೇಕು, ಬಂದ ಕೂಡಲೇ ಯಾರು ಬಂದಿಲ್ಲ ಎಂದು ನೋಡುತ್ತಿದ್ದರು. ಅವರ ಬಗ್ಗೆ ನನಗೆ ಎಂದೂ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಅದನ್ನು ಓದುಗರಿಗೆ ಮೊದಲೇ ಹೇಳಿಬಿಡುವುದು ನ್ಯಾಯ.

ಹೋದ ವರ್ಷ ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ನನ್ನ ತಂಗಿ ಮೂಡಿಗೆರೆಯ ಗಂಡನ ಮನೆ ಬಿಟ್ಟು ನಮ್ಮಲ್ಲಿಗೆ ಬಂದಳು. ಗಂಡ ಹೊಡೆಯುತ್ತಿದ್ದ. ಅವಳ ಮಣಿಕಟ್ಟು ಮುರಿದಾಗ ಅಂಗಳದಲ್ಲಿ ಜಾರಿಬಿದ್ದಳೆಂದು ಡಾಕ್ಟರಿಗೆ ಹೇಳಿದವನು ಅವನೇ. ವಾರ್ಡಿನಲ್ಲಿ ಇದು ಗೊತ್ತಿಲ್ಲದವರಿರಲಿಲ್ಲ.

ಆ ಶುಕ್ರವಾರ ತಂಗಿಯೂ ನಮ್ಮ ಜೊತೆ ಪ್ರಾರ್ಥನೆಗೆ ಬಂದಳು. ರೈಟರ್ ಕಣ್ಣು ಮುಚ್ಚಿ, ಗಂಡನ ಮನೆ ತೊರೆದು ಬಂದ ಒಬ್ಬ ಸಹೋದರಿಗೆ ತಾಳ್ಮೆಯ ವರ ಕೊಡು, ಅವಳು ತನ್ನ ಮನೆಗೆ ಹಿಂತಿರುಗುವಂತೆ ಮಾಡು ಎಂದು ಬೇಡಿದರು. ಉತ್ತರಕ್ಕೆ ಮೊದಲ ದನಿ ಯಾವಾಗಲೂ ನಮ್ಮ ಅಮ್ಮನದು. ಚರ್ಚಿನಲ್ಲಿ ಹಾಡಿ ಪಳಗಿದ ಗಂಟಲು, ಅವಳು ಎತ್ತಿದರೆ ಮಿಕ್ಕವರು ಹಿಂದೆ ಹೋಗುತ್ತಾರೆ. ಅಂದೂ ಕೋರಿಕೆ ಪೂರ್ತಿ ಮುಗಿಯುವ ಮೊದಲೇ ಅಮ್ಮ ಎತ್ತಿದಳು. 'ಪ್ರಭುವೇ, ನಮ್ಮ ಮೊರೆಯನ್ನು ಆಲಿಸು.'

ಮನೆಗೆ ನಡೆದು ಬರುವಾಗ ತಂಗಿ ಕೇಳಿದಳು: 'ನನ್ನ ವಾಪಸ್ ಕಳ್ಸು ಅಂತ ನೀನೇ ಮೊದ್ಲು ಕೂಗಿದ್ಯಲ್ಲಮ್ಮ?'

'ಬಾಯಿಗೆ ಬಂದ್ಬಿಡ್ತು ಕಣೇ. ಅಭ್ಯಾಸ.'

'ಕೈ ಎತ್ತೋದೂ ಅವ್ನಿಗೆ ಅಭ್ಯಾಸನೇ.'

ಮರುದಿನದಿಂದ ತಂಗಿ ಮನೆಯಲ್ಲೂ ಪ್ರಾರ್ಥನೆಗೆ ಕೂರುವುದನ್ನು ಬಿಟ್ಟಳು. ಅಮ್ಮ ಶುಕ್ರವಾರದ ಕೂಟಕ್ಕೆ ಹೋಗುವುದನ್ನು ಬಿಟ್ಟಳು. ಆದರೆ ಮನೆಯಲ್ಲಿ ಅವಳ ಜಪಸರ ಬೇರೆಯಾಯಿತು. ಮೊದಲೆಲ್ಲ ಅವಳು ಕುಕ್ಕರಿನ ಸೀಟಿಗೆ ಕಿವಿಗೊಡುತ್ತಲೇ, ಬೀದಿಯಲ್ಲಿ ಹೋಗುವವರನ್ನು ಕಿಟಕಿಯಿಂದ ಗಮನಿಸುತ್ತಲೇ ಮಣಿ ಸರಿಸುತ್ತಿದ್ದಳು. ಈಗ ಒಂದು ಮಣಿ ಹಿಡಿದು ಸುಮ್ಮನೆ ಕೂರುತ್ತಿದ್ದಳು. ಕೆಲವೊಮ್ಮೆ ಸರ ಅರ್ಧಕ್ಕೇ ನಿಲ್ಲುತ್ತಿತ್ತು. ಮರೆವು ಶುರುವಾಯಿತೇ ಎಂದು ನನಗೆ ಅನುಮಾನ. ಕೇಳಿದೆ. ಹೇಳುವ ಮೊದಲು ಏನು ಹೇಳುತ್ತಿದ್ದೇನೆಂದು ನೋಡಿಕೊಳ್ಳುತ್ತಿದ್ದೇನೆ, ಇಷ್ಟು ವರ್ಷ ನೋಡಿರಲಿಲ್ಲ ಎಂದಳು.

ಶುಕ್ರವಾರಗಳಂದು ನಾನೊಬ್ಬನೇ ಹೋದೆ. ಭಕ್ತಿಯಿಂದಲ್ಲ, ಅಲ್ಲಿ ಏನು ಹೇಳುತ್ತಾರೆಂದು ತಿಳಿಯಲು. ಕೋರಿಕೆ ನಿಂತಿರಲಿಲ್ಲ. 'ಅವಳ ತವರಿನವರ ಕಣ್ಣು ತೆರೆಸು' ಎಂಬುದೊಂದು ಹೊಸದಾಗಿ ಸೇರಿತ್ತು.

ಅಷ್ಟರಲ್ಲಿ ನಮ್ಮ ಮನೆಯ ಸರದಿ ಬಂತು. ಆ ಸಂಜೆ ತಂಗಿಯ ಗಂಡನನ್ನೂ ಕರೆತರುತ್ತೇನೆ, ಪ್ರಾರ್ಥನೆಯಾದ ಮೇಲೆ ಮನೆಯ ದೇವರ ಪೀಠದ ಮುಂದೆ ಇಬ್ಬರ ಕೈ ಸೇರಿಸಿ ಅವತ್ತೇ ಕಳಿಸಿಕೊಡೋಣ ಎಂದು ರೈಟರ್ ಬಸ್ ನಿಲ್ದಾಣದಲ್ಲಿ ನನಗೆ ತಿಳಿಸಿದರು. ಬೇಡ ಎಂದೆ. ಅವರು ನಕ್ಕರು.

'ದೇವರ ಮುಂದೆ ಆಗೋ ಕೆಲ್ಸಕ್ಕೆ ಪೇಪರಿನೋರು ಅಡ್ಡ ಬರ್ಬೇಡಿ ಮಾರಾಯ್ರೆ.'

ಸರದಿ ಬಿಟ್ಟುಬಿಡೋಣ ಎಂದು ನಾನು ಮನೆಯಲ್ಲಿ ಹೇಳಿದೆ. ಅಮ್ಮ ಒಪ್ಪಲಿಲ್ಲ. ಹಾಗಾದರೆ ಆ ಹೊತ್ತಿಗೆ ಗೆಳತಿಯ ಮನೆಗೆ ಹೋಗಿರುತ್ತೇನೆ ಎಂದಳು ತಂಗಿ. ಅದಕ್ಕೂ ಒಪ್ಪಲಿಲ್ಲ. 'ನಿನ್ನ ಮನೆಯಿಂದ ನೀನ್ಯಾಕೆ ಎದ್ದು ಹೋಗ್ತೀಯ? ಕೂತ್ಕೋ.'

ಗಂಡ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ಎದುರಿನ ಸಾಲಿನಲ್ಲಿ ಮೊಣಕಾಲೂರಿದ. ತಂಗಿ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಳು. ಜಪಸರ ಮುಗಿಯಿತು. ಈ ದಂಪತಿಯನ್ನು ಇಂದೇ ಒಂದುಗೂಡಿಸು ಎಂದು ರೈಟರ್ ಬೇಡಿದರು.

ಅಮ್ಮ ಬಾಯಿ ತೆರೆಯಲಿಲ್ಲ.

ಎಲ್ಲರೂ ಅವಳ ದನಿಗೆ ಕಾದರು. ಹಿಂದಿನ ಸಾಲಿನಲ್ಲಿ ಯಾರೋ 'ಪ್ರಭುವೇ' ಎಂದು ಶುರುಮಾಡಿ, ಜೊತೆ ಸಿಗದೆ ನಿಲ್ಲಿಸಿದರು. ರೈಟರ್ ಕಣ್ಣು ಬಿಟ್ಟು ಅದೇ ಕೋರಿಕೆಯನ್ನು ಮತ್ತೆ ಜೋರಾಗಿ ಹೇಳಿದರು. ಅಮ್ಮ ಕೈಯಲ್ಲಿದ್ದ ಸರವನ್ನೇ ನೋಡುತ್ತಿದ್ದಳು.

ಆಗ ತಂಗಿ ಕೂತಲ್ಲಿಂದಲೇ ಹೇಳಿದಳು: 'ಈ ಮನುಷ್ಯ ಇನ್ನು ನನ್ನ ಬಾಗಿಲಿಗೆ ಬರದ ಹಾಗೆ ಮಾಡು. ಬಂದ್ರೂ ನಾನು ಬಾಗ್ಲು ತೆಗೀದೇ ಇರೋ ಹಾಗೆ ಮಾಡು.'

'ಇದು ಪ್ರಾರ್ಥನೆ ಅಲ್ಲ,' ಎಂದರು ರೈಟರ್.

ಅಮ್ಮ ಒಂದು ಕ್ಷಣ ಬಿಟ್ಟು ದನಿ ಎತ್ತಿದಳು, ಪೂರ್ತಿ ಗಂಟಲಲ್ಲಿ: 'ಪ್ರಭುವೇ, ನಮ್ಮ ಮೊರೆಯನ್ನು ಆಲಿಸು.' ನಾನು ಸೇರಿಕೊಂಡೆ. ಇನ್ನೂ ಕೆಲವರು ಸೇರಿಕೊಂಡರು, ಮನಸ್ಸಿನಿಂದಲೋ ಅಭ್ಯಾಸದಿಂದಲೋ ಹೇಳಲಾರೆ. ಹಲವರು ಸೇರಲಿಲ್ಲ. ಅವರು ಯಾರೆಂದು ನನಗೆ ನೆನಪಿದೆ.

ಗಂಡ ಎದ್ದು ಹೋದ. ರೈಟರಿಗೆ ಹಾಗೆ ಎದ್ದು ಹೋಗುವಂತಿರಲಿಲ್ಲ, ಕೊನೆಯ ಹಾಡನ್ನು ಅವರೇ ಶುರುಮಾಡಬೇಕಿತ್ತು. ಶುರುಮಾಡಿದರು. ಅಮ್ಮ ಎಲ್ಲರಿಗೂ ಕಾಫಿ ಕೊಟ್ಟಳು, ಅವರಿಗೂ. ಚಿಕೋರಿ ಹೆಚ್ಚಾಯಿತು ಎಂದರು ರೈಟರ್.

ತಂಗಿ ಮೂಡಿಗೆರೆಗೆ ಹಿಂತಿರುಗಲಿಲ್ಲ. ಕೋರಿಕೆ ಇನ್ನೂ ನಡೆಯುತ್ತಿದೆ. ಈಗ ಅದು 'ಹೃದಯ ಕಲ್ಲಾಗಿರುವ ಒಂದು ಕುಟುಂಬಕ್ಕಾಗಿ.' ಅಮ್ಮ, ತಂಗಿ, ನಾನು ಮೂವರೂ ಹೋಗಿ ಕೂರುತ್ತೇವೆ, ಅದು ಬಂದಾಗ ಬಾಯಿ ಮುಚ್ಚಿಕೊಂಡಿರುತ್ತೇವೆ. ಮಿಕ್ಕ ಕೋರಿಕೆಗಳಲ್ಲೂ ಒಪ್ಪಿದ್ದಕ್ಕೆ ಮಾತ್ರ ದನಿಗೂಡಿಸುತ್ತೇವೆ. ಹಾಗಾಗಿ ನಮ್ಮ ದನಿ ಆಗಾಗ ತಡವಾಗಿ ಬರುತ್ತದೆ, ಕೂಟದ ಲಯ ಕೆಡುತ್ತದೆ. ಅದರ ಬಗ್ಗೆ ಫಾದರಿಗೆ ದೂರು ಹೋಗಿದೆ.

ತಂಗಿ ಮನೆಯಲ್ಲಿ ಮತ್ತೆ ಜಪಸರಕ್ಕೆ ಕೂರುತ್ತಾಳೆ. ಮುಗಿದ ಮೇಲೆ ಒಬ್ಬೊಬ್ಬರೂ ಒಂದೊಂದು ಮಾತು ಹೇಳುತ್ತೇವೆ. ನನ್ನ ಸರದಿ ಬಂದಾಗ, ತಂಗಿಯ ಗಂಡನನ್ನೂ ರೈಟರನ್ನೂ ನಾನು ಕ್ಷಮಿಸಿಲ್ಲ ಎಂದು ದೇವರಿಗೆ ತಿಳಿಸುತ್ತೇನೆ. ಕ್ಷಮಿಸುವ ಮನಸ್ಸು ಕೊಡು ಎಂದು ಸೇರಿಸಬೇಕೆಂದು ಅಮ್ಮ ಕಾಯುತ್ತಾಳೆ. ನಾನಿನ್ನೂ ಸೇರಿಸಿಲ್ಲ. ಅವಳೂ ನನ್ನ ಮಾತಿಗೆ ಇನ್ನೂ 'ಪ್ರಭುವೇ' ಎಂದು ದನಿ ಎತ್ತಿಲ್ಲ.