ಬ್ಲೇಡುಗಳಿಗೆ ವಿಭೂತಿ

ಇಂದು ಬೆಳಿಗ್ಗೆ ಕಚೇರಿಯ ಮೆಟ್ಟಿಲು ಹತ್ತುವಾಗ ಚೆಂಡುಹೂವು, ಊದುಬತ್ತಿ, ಒಡೆದ ಬೂದುಗುಂಬಳಕಾಯಿ ಮೂರೂ ಸೇರಿದ ವಾಸನೆ ಬಂತು. ಆಯುಧಪೂಜೆ. ನೀವು ಮೈಸೂರಿನವರಾದರೆ ಹೇಳಬೇಕಾಗಿಲ್ಲ, ಈ ದಿನ ನಮ್ಮೂರಲ್ಲಿ ಸೈಕಲ್ ಪಂಪಿಗೂ ಕುಂಕುಮ ತಪ್ಪುವುದಿಲ್ಲ. ನನಗೆ ಮಾತ್ರ ಈ ವಾಸನೆ ಬಂದರೆ ಮಹದೇವಪ್ಪನವರೇ ಎದುರು ನಿಂತಂತಾಗುತ್ತದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮೂರಿನದೇ ಹೆಬ್ಬಾಳದ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ನಾನು ಪ್ರೊಬೇಷನ್ನಿನಲ್ಲಿದ್ದೆ. ಮಹದೇವಪ್ಪನವರು ನಮ್ಮ ಸೂಪರ್‌ವೈಸರ್. ಹಣೆಯ ಮೇಲೆ ವಿಭೂತಿ, ಜೇಬಿನಲ್ಲಿ ಸ್ಕ್ರೂಡ್ರೈವರ್. ಎರಡರಲ್ಲಿ ಒಂದಿಲ್ಲದಿದ್ದರೂ ಅವರು ಮನೆ ಬಿಡುತ್ತಿರಲಿಲ್ಲ. ಆ ವರ್ಷ ಬ್ಲೇಡ್ ಸರ್ವರ್ ಬಂತು. ಒಂದು ದೊಡ್ಡ ಪೆಟ್ಟಿಗೆ, ಅದರ ಗೂಡುಗಳಲ್ಲಿ ಪುಸ್ತಕಗಳಂತೆ ನಿಲ್ಲಿಸಿದ ತೆಳ್ಳನೆಯ ಬ್ಲೇಡುಗಳು, ಒಂದೊಂದು ಬ್ಲೇಡಿನೊಳಗೂ ಕಣ್ಣಿಗೆ ಕಾಣದ ಹಲವು ವರ್ಚುವಲ್ ಮಷೀನುಗಳು. ಅವು ಹೊರಗಿನ ನೆಟ್‌ವರ್ಕಿನೊಡನೆ ಮಾತಾಡಲು ದಾರಿ ಹಾಕುವ ಕೆಲಸ ನನ್ನದು. ಯಾವ ಗೂಡಿಗೆ ಯಾವ ದಾರಿ ಎಂದು ಒಂದೊಂದನ್ನೇ ಹೊಂದಿಸಿದ್ದೆ. ಇದು ಸರಿಹೋದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆ ಎಂದು ಮ್ಯಾನೇಜರು ನಗುನಗುತ್ತಲೇ ಹೇಳಿದ್ದರು.

ಹಬ್ಬ ಹತ್ತಿರವಾದಂತೆ ಮಹದೇವಪ್ಪನವರಿಗೆ ಬೇರೆಯೇ ಚಿಂತೆ ಹತ್ತಿತು.

"ಒಳಗಿರೋ ಮಷೀನಿಗೆಲ್ಲ ವಿಭೂತಿ ಹಚ್ಚೋದು ಎಂಗಮ್ಮ?"

"ಪೆಟ್ಟಿಗೆಗೆ ಹಚ್ಚಿದ್ರೆ ಎಲ್ಲಕ್ಕೂ ತಲುಪುತ್ತೆ ಸಾರ್," ಎಂದೆ. ನನ್ನ ವೇದಾಂತ ಅವರಿಗೆ ರುಚಿಸಲಿಲ್ಲ.

"ಮನೇಲಿ ಹತ್ತು ಜನ ಇದ್ರೆ ಬಾಗಿಲಿಗೆ ಊಟ ಬಡಿಸ್ಬುಟ್ರೆ ಆಯ್ತಾ?"

ಹಬ್ಬದ ರಜೆಗೆ ಮಷೀನುಗಳನ್ನೂ ಆಫ್ ಮಾಡಿದ್ದರು. ನಾನು ಯಾದವಗಿರಿಯ ಮನೆಯಲ್ಲಿ ಖಾಯಂ ನೌಕರಳ ಗತ್ತಿನಲ್ಲೇ ಒಬ್ಬಟ್ಟು ತಿಂದೆ.

ವಿಜಯದಶಮಿ ಕಳೆದು ಕೆಲಸ ಶುರುವಾದ ಬೆಳಿಗ್ಗೆ ಬ್ಲೇಡುಗಳ ದೀಪಗಳೆಲ್ಲ ಹಸಿರಾಗಿ ಉರಿಯುತ್ತಿದ್ದವು. ಒಳಗಿನ ಮಷೀನುಗಳೂ ಎದ್ದಿದ್ದವು. ಆದರೆ ಒಂದಾದರೂ ಹೊರಗಿನೊಡನೆ ಮಾತಾಡಲೊಲ್ಲದು. ಸ್ಟೋರಿನಿಂದ ಫೋನು, ಗೇಟಿನಿಂದ ಫೋನು. ನಾನು ಹಾಕಿದ ದಾರಿಗಳನ್ನೆಲ್ಲ ಮತ್ತೆ ಮತ್ತೆ ನೋಡಿದೆ, ಎಲ್ಲ ಇದ್ದಂತೆಯೇ ಇದ್ದವು. ಮ್ಯಾನೇಜರು ಕರೆಸಿ, "ಒಂದು ಹಬ್ಬದ ಮಟ್ಟಿಗೂ ತಡೀಲಿಲ್ಲವಲ್ರೀ ನಿಮ್ಮ ಕೆಲಸ?" ಎಂದರು. ಗತ್ತೆಲ್ಲ ಇಳಿದು ಅಳು ಬಂತು. ಕೆಲಸ ಹೋಯಿತೆಂದೇ ಅಂದುಕೊಂಡೆ.

ಆಗ ಯಾರೂ ಕರೆಯದೆ ಮಹದೇವಪ್ಪನವರು ಒಳಗೆ ಬಂದು, ಮೇಜಿನ ಅಂಚು ಹಿಡಿದು ನಿಂತರು.

"ಈಯಮ್ಮಂದು ಏನೂ ತಪ್ಪಿಲ್ಲ ಸಾರ್. ಹಬ್ಬದ ದಿನ ಬ್ಲೇಡೆಲ್ಲ ಈಚೆಗೆ ತಗ್ದು, ಒರ್ಸಿ, ಒಂದೊಂದಕ್ಕೂ ವಿಭೂತಿ ಹಚ್ದೆ. ವಾಪಸ್ ಮಡಗೋವಾಗ ಯಾವ್ದು ಎಲ್ಲಿತ್ತು ಅಂತ ನೋಡ್ನಿಲ್ಲ. ಈಗ ಹೊಳೀತು. ನನ್ನ ಹೆಸ್ರು ಬರ್ಕೊಳಿ."

ಗೂಡು ಬದಲಾಗಿ, ಒಂದರ ದಾರಿ ಇನ್ನೊಂದಕ್ಕೆ ಸಿಕ್ಕಿತ್ತು. ಅಷ್ಟೇ. ಆಫ್ ಮಾಡಿ, ಬ್ಲೇಡುಗಳನ್ನು ಅವುಗಳ ಹಳೆಯ ಗೂಡಿಗೇ ಸೇರಿಸಿದೆವು. ಊಟದ ಹೊತ್ತಿಗೆ ಎಲ್ಲವೂ ಮಾತಾಡಿದವು. ನನ್ನ ಕೆಲಸ ಖಾಯಮಾಯಿತು. ನಿವೃತ್ತಿ ಹತ್ತಿರವಿದ್ದ, ಅದುವರೆಗೆ ಒಂದೂ ಮೆಮೊ ಕಾಣದ ಮಹದೇವಪ್ಪನವರಿಗೆ ಮೆಮೊ ಬಂತು.

"ನೀವು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಸಾರ್," ಎಂದೆ.

"ಪೂಜೆ ಮಾಡ್ದೋನು ನಾನು, ಶಿಕ್ಷೆ ನಿಂಗಾ? ಬುಡಮ್ಮ, ಹೋಗಿ ಕಾಫಿ ಕುಡಿ."

ಅವರು ಎಷ್ಟು ಸಲೀಸಾಗಿ ಹೇಳಿಬಿಟ್ಟರು ಎಂದೇ ಇಷ್ಟು ವರ್ಷ ಬೆರಗುಪಟ್ಟಿದ್ದೆ. ಈಗ ವಿಭಾಗದ ಮುಖ್ಯಸ್ಥೆ ನಾನು. ಇಂದು ಮಂಗಳಾರತಿಗೆ ಮೊದಲೇ ನೆಟ್‌ವರ್ಕ್ ನಿಂತುಹೋಯಿತು. ಎಲ್ಲರೂ ಹೊಸದಾಗಿ ಸೇರಿದವಳ ಕಡೆ ತಿರುಗಿದರು. ನಿನ್ನೆ ಸಂಜೆ ಒಂದು ಬದಲಾವಣೆ ಮಾಡಿದವಳು ನಾನೇ ಎಂದು ನೆನಪಾಗಿ, ಎದ್ದು ನಿಂತು ಹೇಳಿದೆ. ಹೇಳಿ ಮುಗಿದಾಗ ನೋಡಿದರೆ, ನನ್ನ ಕೈ ಮೇಜಿನ ಅಂಚನ್ನು ಹಿಡಿದಿತ್ತು. ಅಂದು ಮಹದೇವಪ್ಪನವರು ಮಾತಾಡುವಷ್ಟು ಹೊತ್ತೂ ಮ್ಯಾನೇಜರರ ಮೇಜಿನ ಅಂಚನ್ನು ಏಕೆ ಬಿಗಿಯಾಗಿ ಹಿಡಿದಿದ್ದರೆಂದು ನನಗೆ ತಿಳಿದದ್ದು ಆಗ.